ಅಸಾಮಾ ಲಾವಾ ಪಾರ್ಕಿಗೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ:
ಅಕ್ಟೋಬರ್‌ನಲ್ಲಿ ಅಮ್ಮನ ಜೊತೆ ಜಪಾನಿಗೆ ಹೋಗುತ್ತಿದ್ದೇನೆ. ಅವರಿಗೆ 66, ಮಂಡಿ ನೋವಿದೆ. ಕರುಯಿಜಾವಾ ಹತ್ತಿರದ ಓನಿಓಶಿದಾಶಿ ಲಾವಾ ಪಾರ್ಕ್ ನೋಡುವ ಆಸೆ. ಅಲ್ಲಿ ನಡೆಯೋದು ಕಷ್ಟವಾ?

ಉತ್ತರ 1:
ಟೋಕಿಯೋದಿಂದ ಕರುಯಿಜಾವಾಕ್ಕೆ ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಗಂಟೆಯ ಮೇಲೆ ಸ್ವಲ್ಪ, ಅಲ್ಲಿಂದ ಬಸ್. ವಾಪಸ್ ಬಸ್ಸಿನ ಟೈಮ್ ಮೊದಲೇ ನೋಡಿಟ್ಟುಕೊಳ್ಳಿ. ಸುಮಾರು 1,300 ಮೀಟರ್ ಎತ್ತರ, ಸ್ವೆಟರ್ ಇರಲಿ.

ಉತ್ತರ 2:
ಹೋದ ವರ್ಷ ನಮ್ಮಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅವರಿಗೂ ಮಂಡಿ ನೋವು. ದಾರಿ ಚೆನ್ನಾಗಿದೆ, ಆದರೆ ಏರು ಇಳಿವು ಇದೆ. ಅಲ್ಲಲ್ಲಿ ಕೂತು ನಿಧಾನಕ್ಕೆ ನಡೆಯಿರಿ.

ಕಣ್ಣು ಹಾಯಿಸಿದಷ್ಟೂ ಕಪ್ಪು ಬಂಡೆ. 1783ರಲ್ಲಿ ಅಸಾಮಾ ಜ್ವಾಲಾಮುಖಿ ಉಕ್ಕಿದಾಗ ಹರಿದ ಲಾವಾ. ಓನಿಓಶಿದಾಶಿ ಅಂದರೆ ರಾಕ್ಷಸ ಹೊರಗೆ ದಬ್ಬಿದ್ದು ಅಂತ ಅರ್ಥ. ಮುಟ್ಟಿದರೆ ಕುಲುಮೆಯ ಕಿಟ್ಟದ ಹಾಗೆ ಒರಟು, ತೂತು ತೂತು. ಒಂದು ಬಿರುಕಿನಲ್ಲಿ ಗೇಣುದ್ದದ ಪೈನ್ ಗಿಡವಿತ್ತು. 'ಪಾಪ, ಇದಕ್ಕೆ ನೀರು ಯಾರು ಹಾಕ್ತಾರೆ' ಅಂತ ಅಮ್ಮ ಅಲ್ಲೇ ನಿಂತುಬಿಟ್ಟರು.

ಇಷ್ಟು ನೋಡಿ ವಾಪಸ್ ಬರಬೇಡಿ, ದಯವಿಟ್ಟು. ಬೆಟ್ಟದ ಕೆಳಗೆ ಕಾನ್‌ಬಾರಾ ಅಂತ ಊರಿದೆ. ಅದೇ 1783ರ ಆಗಸ್ಟ್ 5ರಂದು ಆ ಊರು ಪೂರ್ತಿ ಹೂತುಹೋಯಿತು. 477 ಜನ ಸತ್ತರು. ಗುಡ್ಡದ ಮೇಲಿನ ಕನ್ನೊನ್ (ಬೌದ್ಧರ ಕರುಣೆಯ ದೇವತೆ) ಗುಡಿಗೆ ಓಡಿ ಹತ್ತಿದವರು, ಊರಾಚೆ ಇದ್ದವರು, ಒಟ್ಟು 93 ಮಂದಿ ಉಳಿದರು. ಗುಡಿಯ ಮೆಟ್ಟಿಲುಗಳಲ್ಲಿ ಈಗ ನೆಲದ ಮೇಲೆ ಕಾಣೋದು 15 ಮಾತ್ರ. 1979ರಲ್ಲಿ ಅಗೆದಾಗ ಕೆಳಗಿನ ಮೆಟ್ಟಿಲಲ್ಲಿ ಇಬ್ಬರು ಹೆಂಗಸರ ಅಸ್ಥಿ ಸಿಕ್ಕಿತು. ವಯಸ್ಸಾದವರನ್ನು ಚಿಕ್ಕವಳು ಬೆನ್ನ ಮೇಲೆ ಹೊತ್ತು ಹತ್ತುತ್ತಿದ್ದಳು ಅನ್ನುತ್ತಾರೆ.

ನಾನು ಇದನ್ನು ಹೇಳಿದ ಮೇಲೆ ಅಮ್ಮ ಮಾತಾಡಲಿಲ್ಲ. ಚಪ್ಪಲಿ ಬಿಟ್ಟು, ನನ್ನ ಭುಜ ಹಿಡಿದು ಹದಿನೈದೂ ಮೆಟ್ಟಿಲು ಹತ್ತಿದರು. ಅವರ ಕೈ ಎಷ್ಟು ಬಿಗಿಯಾಗಿತ್ತು ಅಂತ ನನಗೆ ಇನ್ನೂ ನೆನಪಿದೆ.

ಉತ್ತರ 3:
ಅಂದರೆ ಪಾರ್ಕಿನಲ್ಲಿರುವ ಲಾವಾನೇ ಆ ಊರನ್ನು ಮುಚ್ಚಿದ್ದಾ?

ಉತ್ತರ 2ರವರು:
ಅಲ್ಲ, ನಾನೂ ಹಾಗೇ ಅಂದುಕೊಂಡಿದ್ದೆ. ಊರಿನ ಮೇಲೆ ಬಂದದ್ದು ಬೆಟ್ಟದ ಮೈಯಿಂದ ಕಿತ್ತುಬಂದ ಮಣ್ಣು, ಕಲ್ಲು. ಅದು ಓಡುವವರಿಗಿಂತ ಬೇಗ ಬಂತು.

ಪ್ರಶ್ನೆ ಕೇಳಿದವರು:
ಅಲ್ಲಿಗೂ ಹೋಗೇ ಹೋಗುತ್ತೇವೆ. ಪಾರ್ಕಿನಿಂದ ಹೇಗೆ ಹೋಗೋದು?

ಉತ್ತರ 2ರವರು:
ಬಾಡಿಗೆ ಕಾರು ತಗೊಳ್ಳಿ, ಬಸ್ ನಂಬಿಕೊಂಡರೆ ಒಂದೇ ದಿನದಲ್ಲಿ ಎರಡೂ ಕಷ್ಟ. ಗುಡಿಯ ಪಕ್ಕದಲ್ಲೇ ಮ್ಯೂಸಿಯಂ ಇದೆ, ಅಗೆದಾಗ ಸಿಕ್ಕ ಸಾಮಾನು ಅಲ್ಲಿಟ್ಟಿದ್ದಾರೆ. ಮೆಟ್ಟಿಲ ಬುಡದಲ್ಲಿ ಪುಟ್ಟ ಕೆಂಪು ಸೇತುವೆ ಸಿಗುತ್ತೆ. ಅದರ ಮೇಲೆ ನಿಂತು ಕೆಳಗೆ ನೋಡಿ, ಮಣ್ಣಿನೊಳಗೆ ಇಳಿದುಹೋದ ಮೆಟ್ಟಿಲು ಕಾಣುತ್ತೆ.