ಶಿರಿಯ ಹೊಳೆ: ಧನು-ಮಕರದ ದೊಡ್ಡ ಭರತಕ್ಕೆ (ಉಬ್ಬರಕ್ಕೆ) ಫೈಬರ್ ದೋಣಿ ಕಟ್ಟುವುದು ಹೇಗೆ?

ಹೊಳೆಕರೆ_ಕುಂಬಳೆ

ದೋಣಿ 24 ಅಡಿಯ ಫೈಬರ್, 9.9 ಎಚ್‌ಪಿ ಔಟ್‌ಬೋರ್ಡ್. ಕಟ್ಟುವ ಜಾಗ ಕಾಸರಗೋಡಿನ ಕುಂಬಳೆ ಬಳಿ, ಅಳಿವೆಯಿಂದ ಒಂದೆರಡು ಕಿಲೋಮೀಟರ್ ಮೇಲೆ. ದಡಕ್ಕೆ ಮುರಕಲ್ಲಿನ ಕಟ್ಟೆ, ಅದರ ಹಿಂದೆ ತೆಂಗಿನ ತೋಟ. ಆಟಿಯಲ್ಲಿ (ಜುಲೈ-ಆಗಸ್ಟ್ ಮಳೆಗಾಲದಲ್ಲಿ) ತೊಂದರೆ ಇಲ್ಲ, ದೋಣಿ ಮೇಲೆ ಎಳೆದು ಕವುಚಿ ಹಾಕುವುದೇ ಕ್ರಮ. ಕಷ್ಟ ಇರುವುದು ಡಿಸೆಂಬರ್, ಜನವರಿಯಲ್ಲಿ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಎರಡು ಮೂರು ದಿನ ಭರತದ ನೀರು ಕಟ್ಟೆ ದಾಟಿ ತೋಟಕ್ಕೆ ನುಗ್ಗುತ್ತದೆ. ಹಗ್ಗ ಸಡಿಲ ಬಿಟ್ಟರೆ ದೋಣಿ ತೇಲಿ ಕಟ್ಟೆಯ ಮೇಲೆ ಹತ್ತಿ, ಇಳಿತಕ್ಕೆ ಅಲ್ಲೇ ಕೂತು ಹಿಂಭಾಗ ನೀರಿಗೆ ವಾಲುತ್ತದೆ. ಬಿಗಿ ಮಾಡಿದರೆ ಇಳಿತಕ್ಕೆ ಒಂದು ಮಗ್ಗುಲಲ್ಲಿ ನೇತಾಡುತ್ತದೆ. ಇದರ ನಡುವೆ ಅಕಾಲ ಮಳೆ ಬಂದರೆ ಏನು ಮಾಡಬೇಕು ಎಂಬುದೂ ಗೊತ್ತಾಗಬೇಕು. ಮಳೆ ಇಲ್ಲದ ತಿಂಗಳಲ್ಲಿ ನೀರು ಇಷ್ಟು ಏರುವುದು ಯಾಕೆ? ಹಗ್ಗ, ಕಂಬ, ಲಂಗರು, ಇದರಲ್ಲಿ ಯಾವುದು ಸರಿ? ಅಳತೆ ಸಹಿತ ಹೇಳಿದರೆ ಉಪಕಾರ.

ಭರತ_ಇಳಿತ

ಮೊದಲು ಯಾಕೆ ಎಂಬುದು. ನಮ್ಮ ಕರಾವಳಿಯಲ್ಲಿ ಸಮುದ್ರದ ಸರಾಸರಿ ಮಟ್ಟ ವರ್ಷವಿಡೀ ಒಂದೇ ಇರುವುದಿಲ್ಲ. ಮಳೆಗಾಲದ ಕೊನೆಗೆ ಅದು ಅತಿ ಕೆಳಗೆ, ನವೆಂಬರ್‌ನಿಂದ ಜನವರಿವರೆಗೆ ಮೇಲೆ. ಮಳೆಗಾಲದಲ್ಲಿ ತೀರದ ಪ್ರವಾಹ ತೆಂಕಕ್ಕೆ ಹರಿದು, ತೀರದ ನೀರು ಹೊರಗೆ ಸರಿದು, ಅಡಿಯ ತಣ್ಣೀರು ಮೇಲೆ ಬರುತ್ತದೆ. ಚಳಿಗಾಲದಲ್ಲಿ ಪ್ರವಾಹ ಬಡಗು ದಿಕ್ಕಿಗೆ ತಿರುಗಿ, ಬಂಗಾಳ ಕೊಲ್ಲಿ ಕಡೆಯ ಉಪ್ಪು ಕಡಿಮೆಯ ಹಗುರ ನೀರನ್ನು ತಂದು ತೀರಕ್ಕೆ ಒತ್ತುತ್ತದೆ. ವ್ಯತ್ಯಾಸ ಹತ್ತಿಪ್ಪತ್ತು ಸೆಂಟಿಮೀಟರ್ ಆದರೂ ನಿಮ್ಮ ಕಟ್ಟೆ ದಾಟಲು ಅಷ್ಟು ಸಾಕು. ಅದರ ಮೇಲೆ, ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುತ್ತದೆ. ಚಂದ್ರನೂ ಹತ್ತಿರ ಬಂದ ಹುಣ್ಣಿಮೆಯೋ ಅಮಾವಾಸ್ಯೆಯೋ ಆಗ ಸಿಕ್ಕಿದರೆ ಭರತ ಇನ್ನೂ ದೊಡ್ಡದು. ಅಳಿವೆಯಲ್ಲಿ ಹೊಯಿಗೆ ಕೂತು ಬಾಯಿ ಕಿರಿದಾಗಿದ್ದರೆ ಒಳಗೆ ಬಂದ ನೀರು ಹೊರಗೆ ಹೋಗಲು ತಡವಾಗುತ್ತದೆ.

ಮಂಗಳೂರಿನ ಭರತ ಪಟ್ಟಿ ನೋಡಿ, ನಿಮ್ಮ ಜಾಗಕ್ಕೆ ಎಷ್ಟು ಹೊತ್ತು ತಡ ಎಂದು ನೀವೇ ಗುರುತು ಮಾಡಿಕೊಳ್ಳಬೇಕು. ಭರತ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಬರುತ್ತದೆ, ಅಂದರೆ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ದಿನದ ಎರಡು ಭರತ ಒಂದೇ ಎತ್ತರ ಅಲ್ಲ. ಹಗಲಿನದನ್ನು ನೋಡಿ ರಾತ್ರಿಯದನ್ನು ಅಂದಾಜು ಮಾಡಬೇಡಿ. ಪಟ್ಟಿಯಲ್ಲಿ ಮಳೆಯ ನೀರು, ಗಾಳಿ, ಕಳ್ಳಕಡಲ್ (ದೂರದ ಸಮುದ್ರದಿಂದ ಬಂದು ತೀರಕ್ಕೆ ನುಗ್ಗುವ ಅಲೆ) ಯಾವುದೂ ಸೇರಿರುವುದಿಲ್ಲ. ಆಕಾಶ ತಿಳಿಯಾಗಿದ್ದಾಗಲೂ ಕಳ್ಳಕಡಲ್ ಬರುತ್ತದೆ. ಅದರ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕಾಯಿಸ್ ಕೊಡುತ್ತದೆ.

ನೀಲೇಶ್ವರ_ಬೋಟ್

ಕಟ್ಟೆ ಹತ್ತುವುದಕ್ಕೆ ಮದ್ದು ಕಂಬವೇ, ಹಗ್ಗ ಅಲ್ಲ. ಕಟ್ಟೆಯ ಹೊಳೆಬದಿಯ ಮುಖಕ್ಕೆ ತಾಗಿ, ಸುಮಾರು 4 ಮೀಟರ್ ಅಂತರದಲ್ಲಿ ಎರಡು ಇಂಚಿನ ಎರಡು ಜಿಐ ಪೈಪ್ ಇಳಿಸಿ. ಪೇಟೆಯಲ್ಲಿ ಸಿಗುವ 6 ಮೀಟರ್ ಉದ್ದದ್ದು ಒಂದೇ ತುಂಡು ಸಾಕು: 1.2 ಮೀಟರ್ ಕೆಸರಿನೊಳಗೆ, ಇಳಿತದ ನೀರು 1 ಮೀಟರ್, ಭರತದ ಏರಿಕೆ 1.5, ನೆರೆಗೆಂದು ಮತ್ತೊಂದು 1 ಮೀಟರ್. ಉಳಿದದ್ದು ಮೇಲೆ ನಿಲ್ಲಲಿ. ಎರಡು ತುಂಡು ಜೋಡಿಸಬೇಡಿ, ಜೋಡಣೆಯ ಕಾಲರಿಗೆ ಪೈಪಿಗೆ ತೊಡಿಸುವ ಟಯರ್ ಸಿಕ್ಕಿಕೊಳ್ಳುತ್ತದೆ. ಪೈಪಿನ ತಲೆಯನ್ನು ತೋಟದ ಕಡೆಗೆ ತಂತಿ ಎಳೆದು ಕಟ್ಟಿ. ದೋಣಿ ಯಾವಾಗಲೂ ಪೈಪಿನ ಹೊರಗೆ, ಅಂದರೆ ಹೊಳೆಯ ಕಡೆ.

ಪೈಪಿಗೆ ಹಳೆಯ ಸ್ಕೂಟರ್ ಟಯರ್ ಹಾಕಿ, ದೋಣಿಯ ಹಗ್ಗವನ್ನು ಆ ಟಯರಿಗೆ ಕಟ್ಟಿದರೆ ನೀರು ಏರಿದಂತೆ ಟಯರೂ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಪೈಪಿಗೆ ಮುರು, ಬಾರ್ನಕಲ್ ಎಂಬ ಅಂಟುಚಿಪ್ಪು ಹಿಡಿದು ದೊರಗಾದರೆ ಟಯರ್ ಸಿಕ್ಕಿ ದೋಣಿ ಅಲ್ಲೇ ನೇತಾಡುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಇಳಿತದ ಹೊತ್ತಿಗೆ ಕತ್ತಿಯ ಬೆನ್ನಿನಿಂದ ಕೆರೆಯಬೇಕು.

ಹಗ್ಗ 12 ಎಂಎಂ ಮೂರೆಳೆ ನೈಲಾನ್. ಪಿಪಿ (ಪ್ಲಾಸ್ಟಿಕ್) ಹಗ್ಗ ಅಗ್ಗ ಹೌದು, ಆದರೆ ಬಿಸಿಲಿಗೆ ಪುಡಿಯಾಗುತ್ತದೆ, ಎಳೆತಕ್ಕೆ ನೈಲಾನಿನಷ್ಟು ಹಿಗ್ಗುವುದಿಲ್ಲ. ದಡದ ಅಂಚು ತಾಗುವಲ್ಲಿ ತೋಟದ ಹಳೆ ಪೈಪನ್ನು ಸೀಳಿ ತೊಡಿಸಿ.

ಚಂದ್ರಗಿರಿ_ತೀರ

ಕಂಬದ ಮಾತು ಸರಿ. ಕಂಬ ಹಾಕಲು ಆಗದವರಿಗೆ ಉದ್ದ ಹಗ್ಗವೂ ನಡೆಯುತ್ತದೆ, ಲೆಕ್ಕ ಹೀಗೆ. ಹಗ್ಗ 2 ಮೀಟರ್ ಇದ್ದು ನೀರು 1.5 ಮೀಟರ್ ಏರಿಳಿದರೆ ಅರ್ಧ ಮೀಟರ್ ಸಡಿಲ ಬಿಡಲೇಬೇಕು, ಆ ಅರ್ಧ ಮೀಟರಲ್ಲಿ ದೋಣಿ ಕಟ್ಟೆ ಹತ್ತುತ್ತದೆ. ಅದೇ ಹಗ್ಗ 6 ಮೀಟರ್ ಇದ್ದರೆ ಬೇಕಾಗುವ ಸಡಿಲ ಬರೀ 18 ಸೆಂಟಿಮೀಟರ್. ಆದ್ದರಿಂದ ಮೂತಿಯ ಹಗ್ಗವನ್ನು ಮೇಲ್ದಡಕ್ಕೆ, ಹಿಂಭಾಗದ್ದನ್ನು ಕೆಳದಡಕ್ಕೆ ದೂರ ಓರೆಯಾಗಿ ಎಳೆಯಿರಿ. ಜೊತೆಗೆ ಹೊಳೆಯ ಕಡೆಗೆ 8–10 ಕೆಜಿಯ ಚಪ್ಪಟೆ ಹಲ್ಲಿನ ಲಂಗರು, 3 ಮೀಟರ್ ಚೈನು, ಭರತದ ಆಳದ ಐದು ಪಟ್ಟು ಹಗ್ಗ. ಕೊಕ್ಕೆ ಲಂಗರು ನಮ್ಮ ಕೆಸರಲ್ಲಿ ನಿಲ್ಲುವುದಿಲ್ಲ.

ದಡದ ಅಂಚಿನ ತೆಂಗಿಗೆ ಮಾತ್ರ ಕಟ್ಟಬೇಡಿ ಮಾರಾಯ್ರೆ. ಬೇರಿನ ಅಡಿಯ ಮಣ್ಣು ಕೊರೆದುಹೋಗಿರುತ್ತದೆ, ಎರಡನೇ ಸಾಲಿನ ಮರ ನೋಡಿ. ಮುರಕಲ್ಲಿಗೆ ಹೊಡೆದ ಕಬ್ಬಿಣದ ಬಳೆಯೂ ಭದ್ರ ಅಲ್ಲ, ನೆನೆದ ಕಲ್ಲು ಮೆದುವಾಗಿ ಬಳೆ ಕಿತ್ತು ಬರುತ್ತದೆ. ಮರಕ್ಕೆ ಎರಡು ಪೂರ್ತಿ ಸುತ್ತು, ಮೇಲೆ ಎರಡು ಅರೆಗಂಟು: ಎಷ್ಟೇ ಎಳೆತ ಇದ್ದರೂ ಇದನ್ನು ಬಿಚ್ಚಲು ಬರುತ್ತದೆ.

ನೀಲೇಶ್ವರ_ಬೋಟ್

ಲಂಗರಿಗೆ ನನ್ನ ಒಪ್ಪಿಗೆ ಇಲ್ಲ, ಮಳೆ ಮುನ್ಸೂಚನೆ ಇರುವಾಗಲಂತೂ ಬೇಡವೇ ಬೇಡ. ಬಾಳೆ ದಿಂಡು, ತೆಂಗಿನ ಮಡಲು, ಅಂತರಗಂಗೆ ಎಲ್ಲ ಬಂದು ಆ ಹಗ್ಗಕ್ಕೇ ಸುತ್ತಿಕೊಳ್ಳುತ್ತವೆ. ರಾಶಿಯ ಭಾರಕ್ಕೆ ದೋಣಿಯ ಮಗ್ಗುಲು ಅಡಿಗೆ ಎಳೆದು ನೀರು ಒಳಗೆ ಬರುತ್ತದೆ. ಬರೀ ಭರತಕ್ಕಾದರೆ ಲಂಗರು ಆದೀತು.

ಕಟ್ಟದ_ನೀರು

ಅಕಾಲ ಮಳೆ ಎಂದಿರಿ, ಅದರಲ್ಲಿ ಒಂದು ವಿಷಯ ಯಾರೂ ಹೇಳಲಿಲ್ಲ. ಡಿಸೆಂಬರ್ ಹೊತ್ತಿಗೆ ಮೇಲೆ ತೋಟದವರು ಹೊಳೆಗೆ ಅಡ್ಡ ಮಣ್ಣಿನ ಕಟ್ಟ ಹಾಕಿರುತ್ತಾರೆ, ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸಿರುತ್ತಾರೆ. ಮಳೆ ಜೋರಾದರೆ ಕಟ್ಟ ಒಡೆಯುತ್ತದೆ ಅಥವಾ ಹಲಗೆ ತೆಗೆಯುತ್ತಾರೆ. ಆಗ ನೀರು ನಿಧಾನಕ್ಕೆ ಏರುವುದಿಲ್ಲ, ಮಣ್ಣು ಮರ ಸಮೇತ ಒಮ್ಮೆಗೇ ಇಳಿದು ಬರುತ್ತದೆ. 2024ರ ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಉಳಿಕೆ ಈ ಕಡೆ ದಾಟುವಾಗ ಕಾಸರಗೋಡಿಗೆ ರೆಡ್ ಅಲರ್ಟ್ ಇತ್ತು. ಅಂಥ ದಿನ ಮೇಲಿನ ಊರಿನವರಿಗೆ ಒಂದು ಫೋನ್ ಮಾಡಿ ಕೇಳುವುದು ಯಾವ ಪಟ್ಟಿಗಿಂತಲೂ ಒಳ್ಳೆಯದು. ಕಸ ಸಿಕ್ಕಿಕೊಂಡರೆ ದಡದಲ್ಲೇ ನಿಂತು ಉದ್ದ ಕೋಲಿನಿಂದ ಬಿಡಿಸಿ. ದೋಣಿಗೆ ಇಳಿದು ಬಾಗುವುದು ಬೇಡ.

ಮಳೆ ನೀರಿನ ಭಾರವನ್ನೂ ಲೆಕ್ಕ ಹಾಕಿ. ದೋಣಿಯ ಬಾಯಿ 8 ಚದರ ಮೀಟರ್ ಎಂದರೆ 100 ಮಿಲಿಮೀಟರ್ ಮಳೆಗೆ 800 ಲೀಟರ್, ಅಂದರೆ 800 ಕೆಜಿ. ಅಷ್ಟು ಭಾರಕ್ಕೆ ಹಿಂಭಾಗ ತಗ್ಗಿ ಎಂಜಿನ್ ಮುಳುಗುತ್ತದೆ. ನಡುವೆ ಅಡಿಕೆ ಮರದ ಸೀಳು ಕಟ್ಟಿ, ಎರಡೂ ಬದಿಗೆ ಇಳಿಜಾರಾಗುವಂತೆ ಟಾರ್ಪಾಲು ಹಾಕಿ. ಚಪ್ಪಟೆ ಹಾಕಿದರೆ ಟಾರ್ಪಾಲೇ ಕೆರೆಯಾಗುತ್ತದೆ. 12 ವೋಲ್ಟಿನ ಸಣ್ಣ ಪಂಪ್ ಇಟ್ಟರೆ ಫ್ಲೋಟ್ ಸ್ವಿಚ್ಚಿನ ಅಡಿ ಎಲೆ, ಬಲೆಯ ನೂಲು ಇಲ್ಲವೆಂದು ನೋಡಿ. ಅದು ಸಿಕ್ಕಿಕೊಂಡರೆ ಪಂಪ್ ಓಡುವುದೇ ಇಲ್ಲ, ಇಲ್ಲವೇ ಓಡಿ ಓಡಿ ಬ್ಯಾಟರಿ ಖಾಲಿ. ರೆಡ್ ಅಲರ್ಟ್ ಇದ್ದರೆ ಎಂಜಿನನ್ನೂ ಎಣ್ಣೆ ಟ್ಯಾಂಕನ್ನೂ ಬಿಚ್ಚಿ ಮನೆಗೆ ತನ್ನಿ, ಇಬ್ಬರು ಹೊರುವಷ್ಟೇ ಭಾರ.

ಹೊಳೆಕರೆ_ಕುಂಬಳೆ

ಎಲ್ಲರಿಗೂ ಧನ್ಯವಾದ. ಪೈಪ್ ಹಾಕಿಸುತ್ತೇನೆ. ಅದಾಗುವ ಮೊದಲೇ ದೋಣಿ ಕಟ್ಟೆಯ ಮೇಲೆ ಕೂತರೆ? ಜೆಸಿಬಿ ತರಿಸಿ ಎಳೆಸಬಹುದಾ?

ಭರತ_ಇಳಿತ

ಜೆಸಿಬಿ ಬೇಡ. ಫೈಬರಿನ ಏಣು ಮುರಕಲ್ಲಿನ ಮೂಲೆಗೆ ತಾಗಿ ಸೀಳುತ್ತದೆ. ಪಾದ ಮುಳುಗುವಷ್ಟು ನೀರು ಇರುವಾಗಲೇ ನಾಲ್ಕು ಜನ ಸೇರಿ ಹೊರಗೆ ತಳ್ಳಿ, ಆ ಹದಿನೈದು ನಿಮಿಷ ತಪ್ಪಿದರೆ ಆಮೇಲೆ ಅಲುಗುವುದಿಲ್ಲ. ತಪ್ಪಿದರೆ ಮೊದಲು ವಾಲಿದ ಬದಿಗೆ ಊರೆ ಕೊಡಿ, ಎಂಜಿನ್ ಬಿಚ್ಚಿ, ಒಳಗಿನ ನೀರು ಖಾಲಿ ಮಾಡಿ, ಅಡಿಗೆ ಅಡಿಕೆ ಮರದ ಉರುಳು ತುಂಡು ಸೇರಿಸಿ, ಮುಂದಿನ ಭರತಕ್ಕೆ ತಳ್ಳಿ. ಪಟ್ಟಿ ನೋಡುವುದು ಇಲ್ಲಿ ಮುಖ್ಯ. ಹುಣ್ಣಿಮೆಗೆ ಮೊದಲು ಕೂತದ್ದಾದರೆ ಮುಂದಿನ ದಿನಗಳ ದೊಡ್ಡ ಭರತ ಇನ್ನೂ ಎತ್ತರ, ತಾನಾಗಿ ತೇಲುತ್ತದೆ. ಅತಿ ದೊಡ್ಡ ಭರತಕ್ಕೇ ಕೂತದ್ದಾದರೆ ಅಷ್ಟಮಿವರೆಗೆ ನೀರು ದಿನದಿನಕ್ಕೆ ತಗ್ಗುತ್ತದೆ, ಆ ಎತ್ತರ ಮತ್ತೆ ಸಿಗಲು ಎರಡು ವಾರ ಬೇಕು. ಹಾಗಾದರೆ ಅದೇ ದಿನದ ಎರಡನೇ ಭರತಕ್ಕೆ ಜನ ಕೂಡಿಸಿ ಇಟ್ಟುಕೊಳ್ಳಿ.

ಚಂದ್ರಗಿರಿ_ತೀರ

ತಳ್ಳುವಾಗ ಹೊಳೆಬದಿಗೆ ಯಾರೂ ನಿಲ್ಲಬಾರದು, ಜಾರಿದ ದೋಣಿ ಒಮ್ಮೆಗೇ ಇಳಿಯುತ್ತದೆ. ಎಂಜಿನ್ ಉಪ್ಪು ನೀರಲ್ಲಿ ಮುಳುಗಿದ್ದರೆ ಸ್ಟಾರ್ಟ್ ಮಾಡಿ ನೋಡಬೇಡಿ. ಪ್ಲಗ್ ಬಿಚ್ಚಿ, ಸಿಹಿ ನೀರಲ್ಲಿ ತೊಳೆದು, ಪ್ಲಗ್ ತೂತು ಅಡಿಗೆ ಮಾಡಿ ಸ್ಟಾರ್ಟರ್ ಹಗ್ಗ ನಿಧಾನ ಎಳೆದು ನೀರು ಹೊರಹಾಕಿ, ಸಿಲಿಂಡರಿಗೆ ಎಂಜಿನ್ ಆಯಿಲ್ ಬಿಟ್ಟು ಅದೇ ದಿನ ಮೆಕ್ಯಾನಿಕ್ಕಿಗೆ ಮುಟ್ಟಿಸಿ. ಅದೇ ದಿನ ಆಗದಿದ್ದರೆ ಸಿಹಿ ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿಯೇ ಇಡಿ. ಗಾಳಿ ತಾಗಿದರೆ ತುಕ್ಕು ಬೇಗ ಹಿಡಿಯುತ್ತದೆ.