ಎದ್ದು ಬಂದ ಹೆಣ: ‘ಬಂದನು’ ಅನ್ನೋದಾ, ‘ಬಂತು’ ಅನ್ನೋದಾ?

‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. 1968ರಲ್ಲಿ ಜಾರ್ಜ್ ರೊಮೆರೊ ಸುಮಾರು 1,14,000 ಡಾಲರ್‌ನಲ್ಲಿ ಮುಗಿಸಿದ ಚಿತ್ರ. ಕಥೆ ಹೆಚ್ಚುಕಡಿಮೆ ಒಂದೇ ತೋಟದ ಮನೆಯೊಳಗೆ ನಡೆಯುತ್ತದೆ. ಹೊರಗೆ ಎದ್ದು ಓಡಾಡುವ ಹೆಣಗಳು, ಒಳಗೆ ಕಿಟಕಿಗೆ ಹಲಗೆ ಬಡಿದುಕೊಂಡು ಕೂತ ಏಳು ಜನ.

ಹೆಸರಿನದು ಅಂಥ ಕಷ್ಟವಿಲ್ಲ. ಚಿತ್ರದಲ್ಲಿ ‘ಜೋಂಬಿ’ ಅನ್ನೋ ಮಾತೇ ಬರುವುದಿಲ್ಲ, ‘ಘೂಲ್’ (ಹೆಣ ತಿನ್ನುವ ಪಿಶಾಚಿ) ಅನ್ನುತ್ತಾರೆ. ‘ದೆವ್ವ’ ಒಗ್ಗಲ್ಲ. ದೆವ್ವಕ್ಕೆ ಮೈಯಿಲ್ಲ, ಇವಕ್ಕೆ ಇರೋದೇ ಮೈ. ಬೇತಾಳ ಹೆಣದೊಳಗೆ ಸೇರುತ್ತದೆ, ನಿಜ. ಆದರೆ ಅದು ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ಇವಕ್ಕೆ ಬಾಯಿರೋದು ತಿನ್ನೋಕೆ ಮಾತ್ರ. ಹಾಗಾಗಿ ‘ಹೆಣ’ ಅಂತಲೇ ಇಟ್ಟುಕೊಂಡೆ.

ತೊಡಕಿರುವುದು ಕ್ರಿಯಾಪದದಲ್ಲಿ. ಇಂಗ್ಲಿಷಿನ ‘ದೇ’ ಮನುಷ್ಯರಿಗೂ ಆಗುತ್ತದೆ, ನಾಯಿಗಳಿಗೂ ಆಗುತ್ತದೆ. ನಮ್ಮಲ್ಲಿ ‘ಬಂದರು’, ‘ಬಂದವು’ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಹೊರಗಿನ ಗುಂಪಿಗೆ, ಟಿವಿ ವರದಿಗಾರನ ಬಾಯಲ್ಲಿ, ‘ಅವು’ ಸಲೀಸು. ಮನೆಯವರೇ ಹೆಣವಾಗಿ ಎದ್ದರೆ?

ನೆಲಮಾಳಿಗೆಯಲ್ಲಿ ಕ್ಯಾರೆನ್ ಎಂಬ ಹುಡುಗಿ ಮಲಗಿದ್ದಾಳೆ. ಹೆಣವೊಂದು ಅವಳನ್ನು ಕಚ್ಚಿದೆ. ಕೊನೆಗೆ ಸತ್ತು ಎದ್ದು, ಅಪ್ಪನ ಮೈಯನ್ನೇ ತಿನ್ನುತ್ತಾ ಕೂರುತ್ತಾಳೆ. ತಾಯಿ ಅದನ್ನು ಕಣ್ಣಾರೆ ನೋಡುತ್ತಾಳೆ. ಆ ತಾಯಿ ಮಗಳನ್ನು ‘ಅವಳು’ ಅಂತಿದ್ದವಳು ಥಟ್ಟನೆ ‘ಅದು’ ಅಂತಾಳಾ? ನನಗೆ ಒಪ್ಪಿಗೆಯಾಗಲಿಲ್ಲ.

ಈಗ ಹೊಳೆದಿರುವ ದಾರಿ ಇದು. ಮೊದಲಿನಿಂದಲೂ ತಾಯಿಯ ಬಾಯಲ್ಲಿ ‘ಮಗು’ ಅಂತಲೇ ಬರಲಿ. ‘ಮಗುಗೆ ಹುಷಾರಿಲ್ಲ’, ‘ಮಗು ಮಲಗಿದೆ’. ಸತ್ತ ಮೇಲೂ ‘ಮಗು ಎದ್ದಿದೆ’. ಕ್ರಿಯಾಪದ ಒಂದಿಷ್ಟೂ ಬದಲಾಗುವುದಿಲ್ಲ. ನಮ್ಮಲ್ಲಿ ‘ಪಾಪ, ಅದಕ್ಕೇನು ಗೊತ್ತಾಗುತ್ತೆ’ ಅನ್ನುವಾಗಿನ ‘ಅದು’ ಮುದ್ದಿನದು, ಹೆಣಕ್ಕೆ ಹೇಳುವ ‘ಅದು’ ಬೇರೆ. ಎರಡೂ ಒಂದೇ ಮಾತಿನಲ್ಲಿ ಸೇರಿದರೆ ಆ ದೃಶ್ಯ ಇನ್ನೂ ಜಾಸ್ತಿ ಭಯ ಹುಟ್ಟಿಸುತ್ತದೆ ಅನ್ನಿಸುತ್ತದೆ. ಹುಡುಗಿ ತೀರಾ ಚಿಕ್ಕವಳೇನಲ್ಲ. ಆದರೂ ತಾಯಿಗೆ ಮಗುವೇ ಅಲ್ವಾ? ಓದುವವರಿಗೆ ಇದು ಸಹಜವಾಗಿ ಕೇಳುತ್ತದೆಯೇ, ತಿಳಿಸಿ.

ಜಾನಿಯ ವಿಷಯದಲ್ಲಿ ಈ ಉಪಾಯ ನಡೆಯುವುದಿಲ್ಲ. ಅವನು ಕಥಾನಾಯಕಿ ಬಾರ್ಬ್ರಾಳ ಅಣ್ಣ. ಶುರುವಿನಲ್ಲೇ ಸ್ಮಶಾನದಲ್ಲಿ ಸಾಯುತ್ತಾನೆ, ಕೊನೆಯಲ್ಲಿ ಹೆಣಗಳ ಗುಂಪಿನೊಂದಿಗೆ ಬಂದು ಅವಳನ್ನೇ ಎಳೆದೊಯ್ಯುತ್ತಾನೆ. ಚಿತ್ರದ ಜೊತೆಗೆ ಕಥಾಸಾರವನ್ನೂ ಬರೆದುಕೊಡಬೇಕು. ಅಲ್ಲಿ ಮಾತಾಡೋದು ತಂಗಿಯಲ್ಲ, ನಾನು. ‘ಜಾನಿ ಬಂದನು’ ಅಂದರೆ ಬದುಕಿ ಬಂದಂತೆ ಕೇಳುತ್ತದೆ. ‘ಜಾನಿ ಬಂತು’ ಅಂದರೆ ನಾಯಿಯ ಹೆಸರಿನಂತೆ ಕೇಳುತ್ತದೆ. ‘ಜಾನಿಯ ಹೆಣ ಬಂತು’ ಅಂದರೆ ಯಾರೋ ಹೊತ್ತು ತಂದಂತಾಗುತ್ತದೆ. ನೀವಾದರೆ ಹೇಗೆ ಬರೆಯುತ್ತೀರಿ?