ಬೋರ್ ನೀರು ಇಳೀತು: ತಪ್ಪು ಮೋಟಾರಿನದೋ, ನೋಡೋ ಕಣ್ಣಿನದೋ?

ಚಿಂತಾಮಣಿ_ಟೊಮ್ಯಾಟೊ:
ಬೋರಿನಲ್ಲಿ ನೀರು ಕಮ್ಮಿ ಅಂದ್ರೆ ರಿಪೇರಿಯವರು ಮೋಟಾರ್ ಬದಲಿಸು ಅಂತಾರೆ, ರಿಗ್ಗಿನವರು ಇನ್ನೂ ಆಳ ಕೊರೆಸು ಅಂತಾರೆ, ಡ್ರಿಪ್ ಅಂಗಡಿಯವರು ಡ್ರಿಪ್ ಹಾಕು ಅಂತಾರೆ. ಯಾರ ಮಾತು ಕೇಳೋದು?

ಪಂಪ್‌ಸೆಟ್_ಶ್ರೀನಿವಾಸಪುರ:
ಮೊದಲು ಡ್ರಮ್ ಇಡಿ. 200 ಲೀಟರ್ ಡ್ರಮ್ ಶುರುವಿನಲ್ಲಿ 40 ಸೆಕೆಂಡಿಗೆ ತುಂಬಿ, ಗಂಟೆ ಆದಮೇಲೆ 100 ತಗೊಂಡು, ಎರಡನೇ ಗಂಟೆಯಲ್ಲೂ ಅಲ್ಲೇ ನಿಂತರೆ ಬಂಡೆ ಬಿರುಕಿನಿಂದ ಬರೋದೇ ಸೆಕೆಂಡಿಗೆ 2 ಲೀಟರ್. ದೊಡ್ಡ ಮೋಟಾರ್ ಇಳಿಸಿದ್ರೆ ಬೇಗ ಗಾಳಿ ಎಳೀತದೆ. ಸಬ್‌ಮರ್ಸಿಬಲ್ (ಬೋರಿನೊಳಗೆ ಮುಳುಗಿರೋ ಮೋಟಾರ್) ತಣ್ಣಗಾಗೋದು ನೀರಿನಿಂದಲೇ, ನೀರಿಲ್ಲದೆ ಓಡಿದ್ರೆ ಸುಡ್ತದೆ. ಗೇಟ್‌ವಾಲ್ವ್ ತಿರುಗಿಸಿ 2ಕ್ಕಿಂತ ಕೆಳಗೆ ನಿಲ್ಲಿಸಿ, ನೀರು ಖಾಲಿಯಾದ್ರೆ ಮೋಟಾರ್ ತಾನೇ ನಿಲ್ಲಿಸೋ ಡ್ರೈರನ್ ರಿಲೇ ಹಾಕಿಸಿ. ಶುರುವಿನಿಂದಲೇ ಕಮ್ಮಿ ಬಂದು ಹಂಗೇ ನಿಂತಿದ್ರೆ ಮಾತ್ರ ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳೋ ಚಕ್ರ) ಸವೆತ, ಪೈಪ್ ಜಾಯಿಂಟ್, ವೋಲ್ಟೇಜ್ ನೋಡಿ.

ಗೌರಿಬಿದನೂರು_ರೇಷ್ಮೆ:
2 ಲೀಟರಿಗೆ ಒಂದೆಕರೆ ಡ್ರಿಪ್ ಪ್ರೆಶರ್ ಬರಲ್ಲ ಅಣ್ಣ.

ಪಂಪ್‌ಸೆಟ್_ಶ್ರೀನಿವಾಸಪುರ:
ಒಂದೇ ಸಲ ಬಿಟ್ಟರೆ ಎಲ್ಲಿ ಬರ್ತದೆ? ಸಾಲು 4 ಅಡಿ, ಡ್ರಿಪ್ಪರ್ 40 ಸೆಂ.ಮೀ.ಗೊಂದು ಅಂದ್ರೆ ಎಕರೆಗೆ ಸುಮಾರು 8,300. ಗಂಟೆಗೆ 2 ಲೀಟರಿನವಾದ್ರೆ 16,600 ಲೀಟರ್, ಸೆಕೆಂಡಿಗೆ 4.6. ಮೂರು ಭಾಗ ಮಾಡಿ, ಒಂದಾದ ಮೇಲೊಂದು ಬಿಡಿ. ಒಂದಕ್ಕೆ 1.6 ಸಾಕು.

ಮಾಲೂರು_ಲೆಕ್ಕ:
ಲೆಕ್ಕ ಸರಿ, ಆದರೆ ನಿಮ್ಮದೂ ಬೇಲಿ ಒಳಗಿನ ನೋಟವೇ. ಟಿ.ಸಿ. (ಟ್ರಾನ್ಸ್‌ಫಾರ್ಮರ್) ಕಡೆ ನೋಡಿ. ತ್ರೀಫೇಸ್ ಬಂದ ಕ್ಷಣಕ್ಕೆ ಎಲ್ಲರ ಆಟೋಸ್ಟಾರ್ಟರ್ (ಕರೆಂಟ್ ಬಂದೊಡನೆ ತಾನೇ ಮೋಟಾರ್ ಓಡಿಸೋ ಪೆಟ್ಟಿಗೆ) ಒಟ್ಟಿಗೆ ಎಳೀತವೆ, ವೋಲ್ಟೇಜ್ ಬೀಳ್ತದೆ. "ಲೈನ್ ಸರಿಯಿಲ್ಲ" ಅಂತ ಒಬ್ಬೊಬ್ಬರೂ ಹೆಚ್ಚು ಹೆಚ್.ಪಿ. ಇಳಿಸ್ತಾರೆ, ಲೋಡ್ ಇನ್ನೂ ಏರಿ ಟಿ.ಸಿ. ಸುಡ್ತದೆ. 10 ಹೆಚ್.ಪಿ. ತನಕ ಕರೆಂಟ್ ಉಚಿತ, ಯಾರೂ ಎಣಿಸಲ್ಲ. ಸ್ಟಾರ್ಟರಿನಲ್ಲಿ ತಡವಾಗಿ ಶುರು ಮಾಡೋ ಟೈಮರ್ ಇರ್ತದೆ: ಒಬ್ಬರು 1 ನಿಮಿಷ, ಇನ್ನೊಬ್ಬರು 3, ಮತ್ತೊಬ್ಬರು 5 ಇಡಿ. ವೋಲ್ಟೇಜ್ ಬೀಳೋದು ತಗ್ಗಿಸೋಕೆ ಕೆಪಾಸಿಟರ್ ಹಾಕಿ. ಇಷ್ಟಕ್ಕೂ ಟಿ.ಸಿ. ಬುಡದಲ್ಲಿ ಎಲ್ಲರೂ ಒಮ್ಮೆ ಕೂತು ಮಾತಾಡಬೇಕು, ಅದೇ ಕಷ್ಟ!

ಗೌರಿಬಿದನೂರು_ರೇಷ್ಮೆ:
"ನಾನು ಮೋಟಾರ್ ನಿಲ್ಲಿಸಿದ್ರೆ ನೀರನ್ನ ಪಕ್ಕದವನು ಎಳ್ಕೊಳ್ತಾನೆ" ಅನ್ನೋ ಭಯ ಸುಳ್ಳಾ?

ಮಾಲೂರು_ಲೆಕ್ಕ:
ಪರೀಕ್ಷೆ ಮಾಡದೆ ಹೇಳೋಕಾಗಲ್ಲ. ನಿಮ್ಮ ಮೋಟಾರ್ ಆಫ್ ಮಾಡಿ ನೀರಿನ ಮಟ್ಟ ನಿಲ್ಲೋತನಕ ಕಾದು ಅಳೆಯಿರಿ. ಪಕ್ಕದವರದು 4 ಗಂಟೆ ಓಡಲಿ, ಆಮೇಲೆ ಮತ್ತೆ ಅಳೆಯಿರಿ. ಅಳೆಯೋಕೆ ನಿಮ್ಮ ಬೋರಿಗೆ ಬಜರ್ ಕಟ್ಟಿದ ಸಣ್ಣ ವೈರ್ ಇಳಿಸಿ, ನೀರು ಮುಟ್ಟಿದಾಗ ಕೂಗ್ತದೆ. ಕೇಬಲಿಗೆ ಸುತ್ತಿಕೊಳ್ಳದ ಹಾಗೆ ಅರ್ಧ ಇಂಚಿನ ಪೈಪಿನೊಳಗೆ ಬಿಡಿ. ಮಟ್ಟ ಇಳಿದರೆ ಬಿರುಕು ಒಂದೇ, ಸರದಿ ಮಾಡಿಕೊಳ್ಳಿ. ಇಳೀದಿದ್ರೆ ಭಯ ಬಿಡಿ.

ಚಿಂತಾಮಣಿ_ಟೊಮ್ಯಾಟೊ:
ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ನೀರು ಕೆರೆಗೆ ಬಂದ ಮೇಲೆ ಅಳೆಯೋದೇ ಯಾಕೆ ಅನ್ನೋರೂ ಇದಾರೆ.

ಪಂಪ್‌ಸೆಟ್_ಶ್ರೀನಿವಾಸಪುರ:
2018ರಿಂದ ಬರ್ತಿರೋದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಅಂತರ್ಜಲ ತುಂಬಲಿ ಅಂತ. ಕೆರೆ ಪಕ್ಕ ಹೊಸ ಬೋರ್ ಹೆಚ್ಚಾದಷ್ಟೂ ದೂರದ ಬೋರಿಗೆ ತಲುಪೋದು ಕಮ್ಮಿ. ವೈರ್ ಇಳಿಸಿ ಅಳೆದು ತಿಂಗಳಿಗೊಮ್ಮೆ ಇಲ್ಲಿ ಹಾಕಿ, ಎಲ್ಲಿ ಏರ್ತಿದೆ ಅಂತ ನೋಡೋಣ.